ಪಕ್ಕದ ಎಲೆ ಯಾರದು?

ಮಾನ್ಯತಾ ಟೆಕ್ ಪಾರ್ಕಿನಲ್ಲಿ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಸಹೋದ್ಯೋಗಿಯೊಬ್ಬಳು ಕೇಳಿದಳು: "ನಿಮ್ಮ ಚರ್ಚಲ್ಲಿ ಬಿಳೀ ಬಿಲ್ಲೆ ಥರದ್ದೇನೋ ಕೊಡ್ತಾರಲ್ವಾ, ಅದು ಪ್ರಸಾದಾನೇನೇ?" ಹೌದು ಅಂದೆ. ಒಂದು ತುತ್ತು ನುಂಗಿ, ಅಲ್ಲ ಅಂದೆ. ಅವಳು ನಕ್ಕಳು.

ಎರಡೂ ಸರಿಯೇ. ಕನ್ನಡದ ಕ್ಯಾಥೋಲಿಕರು ಅದನ್ನ ಪರಮಪ್ರಸಾದ ಅಂತಾರೆ. ನಮ್ಮಂಥ ಪ್ರೊಟೆಸ್ಟೆಂಟರಿಗೆ ಅದು ಕರ್ತನ ಭೋಜನ. ರೊಟ್ಟಿ, ದ್ರಾಕ್ಷಾರಸ ನಿಜವಾಗಿಯೂ ಕ್ರಿಸ್ತನ ಶರೀರ ಮತ್ತು ರಕ್ತವೇ ಆಗುತ್ತವೆ ಅನ್ನೋದು ಅವರ ನಂಬಿಕೆ; ನಮ್ಮಲ್ಲಿ ಒಂದೊಂದು ಪಂಗಡದ್ದು ಒಂದೊಂದು ಮಾತು. ಆ ವಾದ ಶತಮಾನಗಳಷ್ಟು ಹಳೇದು, ಇಲ್ಲಿ ಬೇಡ. ನನ್ನನ್ನ ಹಿಡಿದಿರೋದು ಆ ಎರಡು ಪದಗಳು. ಪ್ರಸಾದವನ್ನು ಅಂಗೈಯಲ್ಲಿ ತಗೊಂಡು, ಕಣ್ಣಿಗೊತ್ತಿಕೊಂಡು ನಮ್ಮ ಪಾಡಿಗೆ ನಾವು ಹೊರಡಬಹುದು. ಭೋಜನಕ್ಕಾದರೆ ಕೂರಬೇಕು. ಕೂತ ತಕ್ಷಣ ಪಕ್ಕದ ಎಲೆ ಯಾರದು ಅನ್ನೋ ಪ್ರಶ್ನೆ ಬರುತ್ತೆ.

ಯೇಸುವಿನ ಮೇಲಿದ್ದ ದೂರೂ ಅದೇ. ಈತ ಏನು ಬೋಧಿಸ್ತಾನೆ ಅನ್ನೋದಕ್ಕಿಂತ ಯಾರ ಜೊತೆ ಊಟ ಮಾಡ್ತಾನೆ ಅನ್ನೋದೇ ಅಂದಿನ ಮಡಿವಂತರಿಗೆ ಸಹಿಸಲಾಗದ ವಿಷಯವಾಗಿತ್ತು. ಹೊಟ್ಟೆಬಾಕ, ಕುಡುಕ ಅಂತಲೂ ಆಡಿಕೊಂಡರು. ಯೆರಿಕೋ ಊರಲ್ಲಿ ಜಕ್ಕಾಯ ಅಂತ ಒಬ್ಬ ಸುಂಕದವರ ಮುಖಂಡ. ರೋಮನ್ನರ ಪರವಾಗಿ ಸುಂಕ ವಸೂಲಿ ಮಾಡಿ ದುಡ್ಡು ಮಾಡಿದವನು, ಊರೆಲ್ಲ ಉಗಿಯುತ್ತಿದ್ದ ಮನುಷ್ಯ. ಮರ ಹತ್ತಿ ಕೂತಿದ್ದ ಅವನನ್ನು ಯೇಸು ಕೆಳಗಿಳಿಸಿ, ಇವತ್ತು ನಿನ್ನ ಮನೆಯಲ್ಲೇ ಇರ್ತೀನಿ ಅಂದುಬಿಟ್ಟರು. ಕರೆಯದೆ ಹೋದ ಅತಿಥಿ! ಮೊದಲು ಸುಧಾರಿಸು, ಆಮೇಲೆ ಬರ್ತೀನಿ ಅನ್ನಲಿಲ್ಲ. ಜಕ್ಕಾಯ ಸುಧಾರಿಸಿದ್ದು ಆಮೇಲೆ.

ಕೊನೆಯ ರಾತ್ರಿಯ ಊಟದಲ್ಲಿ ಹಿಡಿದುಕೊಡಲಿದ್ದ ಯೂದನೂ ಇದ್ದ, ಬೆಳಗಾಗೋದರೊಳಗೆ ಮೂರು ಸಲ 'ನನಗವನು ಗೊತ್ತಿಲ್ಲ' ಎನ್ನಲಿದ್ದ ಪೇತ್ರನೂ ಇದ್ದ. ಅದೇ ಪೇತ್ರನಿಗೆ, ಯೋಹಾನನ ಸುವಾರ್ತೆಯ ಕೊನೆಯಲ್ಲಿ, ಬೆಳ್ಳಂಬೆಳಗ್ಗೆ ಸರೋವರದ ದಡದಲ್ಲಿ ಕೆಂಡದ ಮೇಲೆ ಮೀನು, ಜೊತೆಗೆ ರೊಟ್ಟಿ ಸಿದ್ಧವಾಗಿರುತ್ತೆ. ಮೊದಲು ತಿಂಡಿ, ವಿಚಾರಣೆ ಆಮೇಲೆ. ನಮ್ಮ ಅಜ್ಜಿಯಂದಿರ ಕ್ರಮವೇ.

ಆದರೆ ಯೇಸುವಿನ ನಂತರ ಈ ಊಟ ಸಲೀಸಾಗಿ ನಡೆದುಕೊಂಡು ಬಂತು ಅಂದುಕೊಳ್ಳಬೇಡಿ. ಇದೇ ಪೇತ್ರ ಅಂತಿಯೋಕ್ಯದಲ್ಲಿ ಯೆಹೂದ್ಯರಲ್ಲದವರ ಜೊತೆ ಆರಾಮಾಗಿ ಉಣ್ಣುತ್ತಿದ್ದವನು, ಜೆರುಸಲೇಮಿನಿಂದ ಜನ ಬಂದ ಕೂಡಲೇ ಮೆಲ್ಲಗೆ ಬೇರೆ ಕೂತ. ಊರಿಂದ ನೆಂಟರು ಬಂದಾಗ ನಾವು ಬದಲಾಗ್ತೀವಲ್ಲ, ಹಾಗೆ. ಪೌಲ ಎಲ್ಲರೆದುರಿಗೇ ಅವನನ್ನ ತರಾಟೆಗೆ ತಗೊಂಡ. ಕೊರಿಂಥದಲ್ಲಿ ಇನ್ನೊಂದು ಗಲಾಟೆ. ಅಲ್ಲಿ ಕರ್ತನ ಭೋಜನ ಅಂದರೆ ನಿಜವಾದ ಊಟ. ಉಳ್ಳವರು ಮೊದಲೇ ಬಂದು ತಿಂದು ಕುಡಿದು ಮುಗಿಸೋರು; ಗುಲಾಮರು, ಕೂಲಿಗಳು ಕೆಲಸ ಬಿಟ್ಟು ಬರೋ ಹೊತ್ತಿಗೆ ಪಾತ್ರೆ ಖಾಲಿ ಅಂತ ಪಂಡಿತರು ವಿವರಿಸ್ತಾರೆ. ನೀವು ಮಾಡ್ತಿರೋದು ಕರ್ತನ ಭೋಜನವೇ ಅಲ್ಲ, ಒಬ್ಬರಿಗೊಬ್ಬರು ಕಾಯಿರಿ ಅಂತ ಪೌಲ ಬರೆದ. ಪ್ರಾರ್ಥನೆ ತಪ್ಪಿತ್ತು ಅಂತಲ್ಲ, ಪಂಕ್ತಿ ತಪ್ಪಿತ್ತು.

ಪಂಕ್ತಿ ಅಂದಮೇಲೆ ನಮ್ಮ ನೆಲದ ಕತೆ ಬಿಡೋಕಾಗುತ್ತಾ? ದಕ್ಷಿಣ ಭಾರತದ ಚರ್ಚುಗಳಲ್ಲೂ ಮೇಲ್ಜಾತಿಯಿಂದ ಬಂದವರು ಮೊದಲು, ಉಳಿದವರು ಆಮೇಲೆ ಅನ್ನೋ ಸಾಲು ಇತ್ತು. 1833ರಲ್ಲಿ ಕಲ್ಕತ್ತಾದ ಬಿಷಪ್ ಡೇನಿಯಲ್ ವಿಲ್ಸನ್ ಸುತ್ತೋಲೆ ಹೊರಡಿಸಿ ಸಭೆಯಲ್ಲಿ ಜಾತಿಭೇದ ಕೂಡದು ಅಂದಾಗ ತಮಿಳುನಾಡಿನಲ್ಲಿ ಎಷ್ಟೋ ಜನ ಚರ್ಚನ್ನೇ ಬಿಟ್ಟು ನಡೆದರು. ನಮ್ಮ ಮಂಗಳೂರಿಗೆ ಬಾಸೆಲ್ ಮಿಷನ್ ಬಂದದ್ದು 1834ರಲ್ಲಿ. ಹತ್ತು ವರ್ಷದ ಮೇಲೆ, 1844ರಲ್ಲಿ, ಆನಂದರಾವ್ ಕೌಂಡಿನ್ಯ ಅನ್ನೋ ಸಾರಸ್ವತ ಬ್ರಾಹ್ಮಣ ತರುಣ ದೀಕ್ಷಾಸ್ನಾನ ಪಡೆದಾಗ ಊರು ಎದ್ದು ನಿಂತಿತು. ಆ ಕಾಲದಲ್ಲಿ ಜಾತಿ ಹೋಗ್ತಿದ್ದದ್ದು ತಲೆ ಮೇಲೆ ಬಿದ್ದ ನೀರಿಗಿಂತ ಬಾಯಿಗೆ ಹೋದ ಅನ್ನದಿಂದ. ಮುಂದೆ ಅದೇ ಕೌಂಡಿನ್ಯ ಪಾದ್ರಿಯಾಗಿ, ಕೊಡಗಿನ ಆನಂದಪುರದಲ್ಲಿ ದಲಿತ ಕ್ರೈಸ್ತರ ನಡುವೆ ಕೆಲಸ ಮಾಡಿದರು.

ಇನ್ನೂ ಹತ್ತಿರದ್ದು ಬೇಕಾ? ಹಚಿನ್ಸ್ ರಸ್ತೆಯಲ್ಲಿ 1967ರಲ್ಲಿ ಶುರುವಾದ ಎನ್‌ಬಿಸಿಎಲ್‌ಸಿ ಕೇಂದ್ರ ಇದೆ. ಪೂಜೆ ಈ ನೆಲದ ರೀತಿಯಲ್ಲಿರಬೇಕು ಅಂತ ಅದರ ಸ್ಥಾಪಕ ಫಾದರ್ ಅಮಲೋರ್ಪವದಾಸ್ ಹಟ ಹಿಡಿದರು. 1969ರಲ್ಲಿ ರೋಮ್ ಒಪ್ಪಿದ 12 ಮಾರ್ಪಾಡುಗಳಲ್ಲಿ ಚಪ್ಪಲಿ ಬಿಟ್ಟು ನೆಲದ ಮೇಲೆ ಕೂರೋದೂ ಒಂದು. ಪಂಕ್ತಿಯ ಹಾಗೇ! ನನಗೆ ಇಷ್ಟವಾಗುತ್ತೆ. ಆದರೆ ದೀಪ, ಆರತಿ, ಸಂಸ್ಕೃತ ಎಲ್ಲ ಸೇರಿದಾಗ ದಲಿತ ಕ್ರೈಸ್ತ ಚಿಂತಕರು ಕೇಳಿದ ಪ್ರಶ್ನೆಯೂ ನ್ಯಾಯವಾದದ್ದೇ: ಭಾರತೀಯ ಅಂದರೆ ಯಾರ ಮನೆಯ ಭಾರತೀಯ? ಎಲ್ಲರನ್ನೂ ನೆಲದ ಮೇಲೆ ಕೂರಿಸೋದು ಸುಲಭ, ಯಾರ ಪಕ್ಕ ಯಾರು ಅನ್ನೋದೇ ಕಷ್ಟ.

ಇದನ್ನೆಲ್ಲ ಹಳೇ ಕಾಲ ಅಂತ ಸ್ಕ್ರೋಲ್ ಮಾಡಿಬಿಡಬೇಡಿ. ಹೆಬ್ಬಾಳದಿಂದ ಯಲಹಂಕದವರೆಗೆ ಎದ್ದಿರೋ ಅಪಾರ್ಟ್‌ಮೆಂಟುಗಳಲ್ಲಿ ಅಡುಗೆ ಮಾಡೋ ಅಕ್ಕನಿಗೆ ಪ್ರತ್ಯೇಕ ಲೋಟ ಎಷ್ಟು ಮನೆಗಳಲ್ಲಿದೆ, ನಿಮಗೂ ಗೊತ್ತು, ನನಗೂ ಗೊತ್ತು. ಕ್ರೈಸ್ತರ ಮನೆಗಳಲ್ಲೂ ಇದೆ. ಅವರು ಮಾಡಿದ ಸಾರು ಆಗುತ್ತೆ, ಅವರು ಕುಡಿದ ಲೋಟ ಆಗಲ್ಲ. ಆಫೀಸಿನಲ್ಲಿ ಹೌಸ್‌ಕೀಪಿಂಗ್‌ನವರು ಎಲ್ಲಿ ಕೂತು ಡಬ್ಬಿ ಬಿಚ್ತಾರೆ ಅಂತ ಒಂದ್ಸಲ ನೋಡಿ.

ನಮ್ಮ ಸಭೆಯಲ್ಲಿ ಭಾನುವಾರ ಭೋಜನ ತಗೊಳ್ಳೋವಾಗ ವೇದಿಕೆಯ ಮುಂದಿನ ಕಂಬಿಗೆ ಸಾಲಾಗಿ ಮಂಡಿಯೂರ್ತೀವಿ. ಬ್ಯಾಂಕ್ ಮ್ಯಾನೇಜರ್ ಪಕ್ಕದಲ್ಲಿ ಚರ್ಚ್ ಗುಡಿಸೋ ಅಮ್ಮ, ಯಾರೂ ತಲೆ ಕೆಡಿಸಿಕೊಳ್ಳಲ್ಲ. ಸಮಸ್ಯೆ ಇರೋದು ಅರ್ಧ ಗಂಟೆ ಆದ ಮೇಲೆ, ನಿಜವಾದ ಊಟದಲ್ಲಿ. ಸುಗ್ಗಿ ಹಬ್ಬದ ಬಿರಿಯಾನಿಗೆ ಕಮಿಟಿಯವರದ್ದು ಮೊದಲ ಪಂಕ್ತಿ. ಕುರ್ಚಿ ಹಾಕಿದವರು, ಪಾತ್ರೆ ತೊಳೆಯೋರದ್ದು ಕೊನೇದು. ಅಷ್ಟೊತ್ತಿಗೆ ಪೀಸ್ ಇರಲ್ಲ, ಬರೀ ಕುಷ್ಕಾ.

ಈ ಸಲ ಕಮಿಟಿಯವರೇ ಬಡಿಸಲಿ, ಕೊನೇಲಿ ಕೂರಲಿ ಅಂತ ಸಭೆಯ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದೆ. ಯುವಕ ಸಂಘದ ಹುಡುಗರು ಥಂಬ್ಸ್‌ಅಪ್ ಕೊಟ್ಟರು. ಹಿರಿಯ ಅಂಕಲ್ ಒಬ್ಬರು, "ಶುಗರ್ ಇರೋರು ಅಷ್ಟೊತ್ತು ಹೇಗಮ್ಮಾ ಕಾಯೋದು?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ಅವರಿಗೆ ಮೊದಲ ಪಂಕ್ತಿಯಲ್ಲೇ ಜಾಗ ಇರುತ್ತೆ ಅಂಕಲ್, ಪಕ್ಕದಲ್ಲಿ ಪಾತ್ರೆ ತೊಳೆಯೋರೂ ಕೂರ್ತಾರೆ ಅಂತ ಉತ್ತರ ಕೊಟ್ಟಿದ್ದೀನಿ. ನೀಲಿ ಟಿಕ್ ಬಂದಿದೆ. ಕಮಿಟಿ ಮೀಟಿಂಗ್ ಬರೋ ಭಾನುವಾರ.