ಹತ್ತು ಡಾಲರಿನ ಲೆಕ್ಕ

ಮಾದಕವಸ್ತುವಿನ ಚಟಕ್ಕೆ ಬಿದ್ದವನೊಬ್ಬ ನಾಲ್ಕು ದಿನ ಅದನ್ನು ಮುಟ್ಟಲಿಲ್ಲವೆಂದು ಅವನ ಕೈಗೆ ಬಹುಮಾನವನ್ನಿತ್ತರೆ ಮನೆಯ ಹಿರಿಯರು ಏನೆಂದಾರು? “ನೆಟ್ಟಗಿರುವುದಕ್ಕೂ ಲಂಚವೆ?” ಎಂದು ಹುಬ್ಬೇರಿಸುವುದು ಸಹಜ. ಆದರೂ ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ಸ್ಟೀಫನ್ ಹಿಗಿನ್ಸ್ 1990ರ ದಶಕದ ಆರಂಭದಲ್ಲಿ ಕೊಕೇನ್ ವ್ಯಸನಿಗಳಿಗೆ ಇದೇ ಚಿಕಿತ್ಸೆಯನ್ನು ಮಾಡಿ ನೋಡಿದರು, ಅದು ಫಲಿಸಿತು. ಮೂತ್ರಪರೀಕ್ಷೆಯಲ್ಲಿ ಕೊಕೇನಿನ ಸುಳಿವಿಲ್ಲದಿದ್ದರೆ ಒಂದು ಚೀಟಿ. ಮುಂದಿನ ಸಲವೂ ಇಲ್ಲದಿದ್ದರೆ ಇನ್ನಷ್ಟು ಬೆಲೆಯ ಚೀಟಿ. ತಪ್ಪಿದನೋ, ಮತ್ತೆ ಮೊದಲಿನಿಂದ. ಚೀಟಿಗೆ ಸಾಮಾನು ದೊರೆಯುವುದೇ ಹೊರತು ನಗದಿಲ್ಲ.

ಇದರ ಮರ್ಮವೆಲ್ಲ ಹೊತ್ತಿನಲ್ಲಿದೆ. ಅಮಲಿನ ಸುಖ ಕ್ಷಣಮಾತ್ರದಲ್ಲಿ ಕೈಸೇರುತ್ತದೆ. ಆರೋಗ್ಯ, ಮಾನ, ಸಂಸಾರದ ನೆಮ್ಮದಿಗಳಾದರೋ ತಿಂಗಳುಗಳಾಚೆ ನಿಂತಿರುತ್ತವೆ. ಈ ಅಂತರವನ್ನು ತುಂಬಬೇಕಾದ ಬಹುಮಾನವೂ ತಡವಾಗಿ ಬಂದರೆ ಅದರ ಬಲ ಕುಗ್ಗಿತೆಂದೇ ಲೆಕ್ಕ.

ಗಣಕಯಂತ್ರಕ್ಕೆ ಕೆಲಸ ಬಿದ್ದುದು ಇಲ್ಲಿಯೇ. ಕೊಕೇನ್, ಮೆಥಾಂಫೆಟಮಿನ್‌ಗಳಂಥ ಉತ್ತೇಜಕಗಳ ಚಟಕ್ಕೆ ಅಮೆರಿಕದಲ್ಲಿ ಅಂಗೀಕೃತವಾದ ಔಷಧಿಯೊಂದೂ ಇಲ್ಲ. 2023ರಲ್ಲಿ ಕ್ಯಾಲಿಫೋರ್ನಿಯಾ ಸಂಸ್ಥಾನವು ಬಡವರ ಸರಕಾರಿ ವೈದ್ಯಕೀಯ ವಿಮೆಯ ಮೂಲಕ ಅಂಥವರಿಗಾಗಿ 24 ವಾರಗಳ ಬಹುಮಾನ ಚಿಕಿತ್ಸೆಯನ್ನು ಆರಂಭಿಸಿತು. ಮೊದಲ 12 ವಾರ, ವಾರಕ್ಕೆರಡು ಪರೀಕ್ಷೆ. ಮೊದಲ ಬಹುಮಾನ 10 ಡಾಲರು. ಎರಡೂ ಪರೀಕ್ಷೆಗಳಲ್ಲಿ ಗೆದ್ದರೆ ಮುಂದಿನ ವಾರ ಒಂದೂವರೆ ಡಾಲರು ಏರಿಕೆ. ಆಮೇಲೆ ವಾರಕ್ಕೊಂದೇ ಪರೀಕ್ಷೆ. ಎಲ್ಲದರಲ್ಲೂ ಗೆದ್ದವನಿಗೆ ಒಟ್ಟು 599 ಡಾಲರು. ಆರುನೂರನ್ನು ಮುಟ್ಟಿದರೆ ಆಗಿನ ಕಾನೂನಿನಂತೆ ತೆರಿಗೆ ಇಲಾಖೆಗೆ ತಿಳಿಸಬೇಕಿತ್ತು! ಉಪಚಾರಕಿ ಪರೀಕ್ಷೆಯ ಫಲವನ್ನು ನಮೂದಿಸಿದೊಡನೆ ತಂತ್ರಾಂಶವು ಮೊತ್ತವನ್ನು ಗುಣಿಸಿ ಉಡುಗೊರೆ ಕಾರ್ಡನ್ನು ಅಲ್ಲಿಯೇ ಒದಗಿಸುತ್ತದೆ. ಆ ಕಾರ್ಡಿನಿಂದ ಮದ್ಯ, ತಂಬಾಕು, ಲಾಟರಿ ಚೀಟಿಗಳನ್ನು ಕೊಳ್ಳುವಂತಿಲ್ಲ.

ಇಷ್ಟು ಕೂಡುಲೆಕ್ಕವನ್ನು ಮನುಷ್ಯರೇ ಮಾಡಲಾರರೆ? ಮಾಡಬಲ್ಲರು, ತೊಡಕಿರುವುದು ಕನಿಕರದಲ್ಲಿ. ಆರು ವಾರ ನೆಟ್ಟಗಿದ್ದ ತಾಯಿಯೊಬ್ಬಳು ಏಳನೆಯ ವಾರ, 19 ಡಾಲರಿನ ಹೊಸ್ತಿಲಲ್ಲಿ, ಎಡವಿದಳೆನ್ನೋಣ. ಮಗುವನ್ನು ಕಂಕುಳಲ್ಲಿಟ್ಟುಕೊಂಡು ಎದುರಿಗೆ ನಿಂತವಳಿಗೆ “ಈ ಸಲ ಹೋಗಲಿ” ಎಂದು ಬರೆದುಕೊಡಲು ಯಾರ ಕೈಯೂ ತವಕಿಸೀತು. ಒಬ್ಬಳಿಗೆ ಹಾಗೆ ಕೊಟ್ಟ ಸುದ್ದಿ ಹತ್ತು ಮಂದಿಗೆ ತಿಳಿದರೆ ಚಿಕಿತ್ಸೆಯೇ ಕುಸಿಯಿತು. ಸರಕಾರದ ಹಣವೂ ಸೋರಿತು. ತಂತ್ರಾಂಶಕ್ಕೆ ಮುಖದಾಕ್ಷಿಣ್ಯವಿಲ್ಲ. ಅಂದು ಬಹುಮಾನವಿಲ್ಲ, ಮುಂದಿನ ಗೆಲುವಿಗೆ ಮತ್ತೆ 10 ಡಾಲರು. ಆದರೆ ನಿಯಮವನ್ನು ಕಟ್ಟಿದವರು ಒಂದು ಬಾಗಿಲನ್ನು ತೆರೆದಿಟ್ಟಿದ್ದಾರೆ: ಎರಡು ಪರೀಕ್ಷೆಗಳಲ್ಲಿ ಸಾಲಾಗಿ ಗೆದ್ದರೆ ಆಕೆ ಬಿಟ್ಟ ಮೆಟ್ಟಿಲನ್ನೇ ಮತ್ತೆ ಏರಬಹುದು.

ಈ ಸಂಗತಿಯನ್ನು ಆಕೆಗೆ ತಿಳಿಯಹೇಳಿ, ಗದರಿಸದೆ, ಮುಂದಿನ ಪರೀಕ್ಷೆಯ ದಿನವನ್ನು ಕಾಗದದ ಮೇಲೆ ಗುರುತುಹಾಕಿಕೊಟ್ಟು, “ಅಂದು ತಪ್ಪದೆ ಬನ್ನಿ” ಎಂದು ಬಾಗಿಲವರೆಗೆ ಕಳುಹಿಸಿಕೊಡುವ ಕೆಲಸ ಉಪಚಾರಕಿಯದು.