‘ನನಗೆ ರಾಜಕೀಯ ತಿಳಿಯದು’ ಎನ್ನುವ ಮುಖ್ಯೋಪಾಧ್ಯಾಯರಿಗೆ

‘ನನಗೆ ರಾಜಕೀಯ ತಿಳಿಯದು, ನಾನುಂಟು, ನನ್ನ ಶಾಲೆಯುಂಟು’ ಎಂದು ಹೇಳಿಕೊಳ್ಳುವ ಮುಖ್ಯೋಪಾಧ್ಯಾಯರನ್ನು ನಮ್ಮ ಸಮಾಜವು ಬಹುಕಾಲದಿಂದ ಸಾತ್ವಿಕರೆಂದು ಕೊಂಡಾಡುತ್ತ ಬಂದಿದೆ. ನಿವೃತ್ತಿಯ ದಿನ ಅವರಿಗೆ ಶಾಲು ಹೊದಿಸಿ, ಫಲತಾಂಬೂಲವಿತ್ತು, ‘ಯಾರ ತಂಟೆಗೂ ಹೋದವರಲ್ಲ’ ಎಂದು ಭಾಷಣ ಮಾಡುತ್ತೇವೆ. ಈ ಹೊಗಳಿಕೆಯನ್ನು ಇನ್ನಾದರೂ ನಿಲ್ಲಿಸಬೇಕು. ಯಾರ ತಂಟೆಗೂ ಹೋಗದವರ ಶಾಲೆಯ ತಂಟೆಗೆ ಊರಿನವರೆಲ್ಲರೂ ಬರುತ್ತಾರೆ.

ನಾನು ಹೇಳುತ್ತಿರುವುದು ಪಕ್ಷ ರಾಜಕೀಯವನ್ನಲ್ಲ. ಸರ್ಕಾರಿ ನೌಕರನು ಚುನಾವಣಾ ರಾಜಕೀಯಕ್ಕೆ ಇಳಿಯಕೂಡದೆಂದು ನಡತೆ ನಿಯಮಗಳು ವಿಧಿಸಿರುವುದು ಸರಿಯಾಗಿಯೇ ಇದೆ. ನಾನು ಕೇಳುತ್ತಿರುವುದು ರಾಜಕೀಯ ವಿವೇಕವನ್ನು: ಯಾವ ನಿರ್ಣಯ ಎಲ್ಲಿ, ಯಾವಾಗ ಆಗುತ್ತದೆ, ಯಾರ ಮಾತಿಗೆ ಅಲ್ಲಿ ತೂಕವುಂಟು, ಯಾರಿಗೆ ಯಾವುದರ ಭಯ, ಯಾರಿಗೆ ಯಾವುದರ ಅಭಿಮಾನ ಎಂಬುದನ್ನರಿತು, ಆ ಅರಿವನ್ನು ಮಕ್ಕಳ ಹಿತಕ್ಕಾಗಿ ಬಳಸುವ ಶಕ್ತಿಯನ್ನು.

ಶೃಂಗೇರಿ ಸೀಮೆಯ ಒಂದು ಶಾಲೆಯನ್ನು ನಾನು ಹತ್ತಿರದಿಂದ ಬಲ್ಲೆ, ಹೆಸರು ಬೇಡ. ಮಲೆನಾಡಿನ ಮಳೆ ಎಂತಹುದೆಂದು ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ಪ್ರತಿ ಬೇಸಗೆಯಲ್ಲಿಯೂ ಹಂಚು ಕೈಯಾಡಿಸದಿದ್ದರೆ ಆಷಾಢದಲ್ಲಿ ಮಕ್ಕಳು ಕೊಡೆ ಹಿಡಿದು ಪಾಠ ಕೇಳಬೇಕಾದೀತು. ಅಲ್ಲಿದ್ದ ಮುಖ್ಯೋಪಾಧ್ಯಾಯರು ಸಜ್ಜನರು, ಒಳ್ಳೆಯ ಗಣಿತದ ಮೇಷ್ಟರು. ನಾಲ್ಕು ವರ್ಷ ಇಲಾಖೆಗೆ ಪತ್ರ ಬರೆದರು. ಪತ್ರಗಳ ಕಡತ ದಪ್ಪವಾಯಿತು, ಮಾಡು ಸೋರುತ್ತಲೇ ಇತ್ತು. ಪಂಚಾಯಿತಿಯ ಮೆಟ್ಟಿಲನ್ನು ಮಾತ್ರ ಅವರು ತುಳಿಯಲಿಲ್ಲ. ಅಲ್ಲಿ ‘ರಾಜಕೀಯದವರು’ ಇರುತ್ತಾರೆಂಬುದು ಅವರು ಕೊಡುತ್ತಿದ್ದ ಕಾರಣ. ಅವರ ನಂತರ ಬಂದ ಅಮ್ಮನವರು ಮೊದಲು ಮಾಡಿದ ಕೆಲಸವೆಂದರೆ, ಪಂಚಾಯಿತಿಯ ವಾರ್ಷಿಕ ಕ್ರಿಯಾಯೋಜನೆ ಯಾವ ತಿಂಗಳಲ್ಲಿ ಸಿದ್ಧವಾಗುತ್ತದೆಂದು ಕಾರ್ಯದರ್ಶಿಯನ್ನು ಕೇಳಿದ್ದು. ಗ್ರಾಮಸಭೆಯ ದಿನ ಹದಿನೈದು ಮಂದಿ ತಾಯಂದಿರು ಶಾಲೆಯ ಮಾಡಿನ ವಿಷಯವನ್ನೆತ್ತಿದರು. ಅಮ್ಮನವರು ಹಿಂದಿನ ಸಾಲಿನಲ್ಲಿ ಕುಳಿತಿದ್ದರು, ಒಂದು ಮಾತೂ ಆಡಲಿಲ್ಲ. ಎರಡು ಗುಂಪಿನ ಸದಸ್ಯರೂ ‘ಇದು ನಮ್ಮದೇ ಸಲಹೆ’ ಎಂದು ಪೈಪೋಟಿಗಿಳಿದರು. ಆ ಮಳೆಗಾಲದೊಳಗೆ ಮಾಡು ಹೊಸದಾಯಿತು. ಇಬ್ಬರಲ್ಲಿ ಮಕ್ಕಳಿಗೆ ಆದವರು ಯಾರು?

ಕಾನೂನು ಈ ವಿವೇಕಕ್ಕೆ ಬಾಗಿಲು ತೆರೆದಿಟ್ಟಿದೆ. ಡಾ. ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ 2001ರಲ್ಲಿ ನಮ್ಮ ಸರ್ಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದವು. 2009ರ ಶಿಕ್ಷಣ ಹಕ್ಕು ಕಾಯಿದೆಯು ಶಾಲಾ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕೆಂದೂ, ಅರ್ಧದಷ್ಟು ಮಹಿಳೆಯರಿರಬೇಕೆಂದೂ ವಿಧಿಸಿತು. ಶಾಲೆಯ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವ ಹೊಣೆಯನ್ನೂ ಆ ಸಮಿತಿಗೇ ಕೊಟ್ಟಿತು. ಇಷ್ಟು ಬಲ ಕೈಯಲ್ಲಿರುವಾಗ ಅನೇಕ ಮುಖ್ಯಸ್ಥರು ಮಾಡುವುದೇನು? ನಡವಳಿ ಪುಸ್ತಕವನ್ನು ಹುಡುಗನ ಕೈಯಲ್ಲಿ ಮನೆಮನೆಗೆ ಕಳುಹಿಸಿ ಸಹಿ ತರಿಸುತ್ತಾರೆ. ಕೂಲಿಗೆ ಹೋಗುವ ತಾಯಿಯನ್ನು ಕೂರಿಸಿ ಮಾತನಾಡಿಸುವ ತಾಳ್ಮೆ ಇರುವುದಿಲ್ಲ. ಆಮೇಲೆ, ಸಮಿತಿಯನ್ನು ಊರ ಪುಢಾರಿ ಹಿಡಿದುಕೊಂಡನೆಂದು ಗೋಳಾಡುತ್ತಾರೆ.

ದೊಡ್ಡ ಬಿರುಗಾಳಿ ಹೇಳಿಕೇಳಿ ಬರುವುದಿಲ್ಲ. 2022ರ ಜನವರಿಯಲ್ಲಿ ಕೊಪ್ಪ ತಾಲೂಕಿನ ಬಾಳಗಡಿಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಹಿಜಾಬಿಗೆ ಪ್ರತಿಯಾಗಿ ಕೆಲವು ವಿದ್ಯಾರ್ಥಿಗಳು ಕೇಸರಿ ಶಾಲು ಧರಿಸಿ ಬಂದರು. ಪೋಷಕರ ಸಭೆ ಕರೆಯಬೇಕಾಯಿತು. ಕೆಲವೇ ವಾರಗಳಲ್ಲಿ ವಿವಾದವು ನಾಡನ್ನೇ ಆವರಿಸಿತು. ಫೆಬ್ರವರಿ 5ರ ಸರ್ಕಾರಿ ಆದೇಶವು ಪದವಿಪೂರ್ವ ಕಾಲೇಜುಗಳ ಸಮವಸ್ತ್ರದ ನಿರ್ಣಯವನ್ನು ಕಾಲೇಜು ಅಭಿವೃದ್ಧಿ ಸಮಿತಿಗಳಿಗೆ ಬಿಟ್ಟಿತು. 2014ರ ಸುತ್ತೋಲೆಯಂತೆ ಆ ಸಮಿತಿಗಳ ಅಧ್ಯಕ್ಷರು ಶಾಸಕರು. ಮಾರ್ಚ್ 15ರಂದು ಉಚ್ಚ ನ್ಯಾಯಾಲಯ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಉಡುಪಿನ ಸರಿತಪ್ಪು ಇಲ್ಲಿ ನನ್ನ ವಿಷಯವಲ್ಲ. ಗೇಟಿನ ಬಳಿ ಕ್ಯಾಮೆರಾಗಳು ನಿಂತಾಗ ಪ್ರಾಂಶುಪಾಲರಿಗೆ ಎರಡೂ ಕಡೆಯ ತಂದೆತಾಯಂದಿರ ಪರಿಚಯ ಮೊದಲೇ ಇತ್ತೇ, ಇಲ್ಲವೇ ಎಂಬುದು ನನ್ನ ಪ್ರಶ್ನೆ. ಪರಿಚಯ ಆ ದಿನ ಆರಂಭವಾಗಲಾರದು.

ಇನ್ನು ಎದುರು ಬಣದವರು. ಇವರಿಗೆ ರಾಜಕೀಯ ಚೆನ್ನಾಗಿ ತಿಳಿದಿದೆ. ಶಾಸಕರ ಹುಟ್ಟುಹಬ್ಬ ತಿಳಿದಿದೆ, ಅವರ ಆಪ್ತ ಸಹಾಯಕರ ಫೋನ್ ನಂಬರು ಬಾಯಿಪಾಠ. ವರ್ಗಾವಣೆಯ ಈ ದಂಧೆಗೆ ಕಡಿವಾಣ ಹಾಕಲೆಂದೇ 2007ರಲ್ಲಿ ಶಿಕ್ಷಕರ ವರ್ಗಾವಣೆ ಕಾಯಿದೆ ಬರಬೇಕಾಯಿತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳನ್ನೊಳಗೊಂಡ ಶೃಂಗೇರಿ ಕ್ಷೇತ್ರದಲ್ಲಿ 2023ರಂದು ಘೋಷಿತವಾದ ಫಲಿತಾಂಶದ ಅಂತರ ಕೇವಲ 201 ಮತ. ಇಂತಹ ಊರುಗಳಲ್ಲಿ ಒಂದು ಪಕ್ಷದ ಬಾಲ ಹಿಡಿದ ಮುಖ್ಯೋಪಾಧ್ಯಾಯನು ಅರ್ಧದಷ್ಟು ಪೋಷಕರನ್ನು ಅಂದೇ ಕಳೆದುಕೊಂಡಂತೆ. ಅದನ್ನು ಜಾಣತನವೆಂದು ಕರೆಯಲು ನಾನು ಸಿದ್ಧನಿಲ್ಲ.

ನಮ್ಮ ಹಿರಿಯರಿಗೆ ಈ ವಿದ್ಯೆ ತಿಳಿದಿತ್ತು. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದ ಸಪ್ತರ್ಷಿಗಳು ಪರಕೀಯ ಸರ್ಕಾರದ ಕಾಲದಲ್ಲಿ ದಾನಿಗಳನ್ನೂ ಅಧಿಕಾರಿಗಳನ್ನೂ ಒಲಿಸಿಕೊಂಡೇ ಮುಂದುವರಿದರು. 1933ರಲ್ಲಿ ಲಿಂಗರಾಜ ಕಾಲೇಜು ಎದ್ದು ನಿಂತಿತು. ಅವರಲ್ಲೊಬ್ಬರೂ ‘ಯಾರ ತಂಟೆಗೂ ಹೋಗದವರು’ ಆಗಿರಲಿಲ್ಲ. ಅವರ ಹೆಸರು ಹೇಳಿ ಜಯಂತಿ ಮಾಡುವ ನಾವು, ನಮ್ಮ ಮಠಗಳ ಶಾಲೆಗಳಿಗೆ ಮುಖ್ಯಸ್ಥರನ್ನು ಆರಿಸುವಾಗ ‘ಹೇಳಿದ ಮಾತು ಮೀರುವುದಿಲ್ಲ’ ಎಂಬ ಒಂದೇ ಗುಣವನ್ನು ಹುಡುಕುತ್ತಿಲ್ಲವೇ? ಆಡಳಿತ ಮಂಡಳಿಯ ಸದಸ್ಯರೊಬ್ಬರು ತಮ್ಮ ಬಂಧುವಿಗೆ ಕೆಲಸ ಕೇಳಿದಾಗ, ಅವರ ಮನ ನೋಯದಂತೆ ‘ಆಗದು’ ಎನ್ನಬಲ್ಲವರು ಬೇಕು. ಇದನ್ನು ಬಿ.ಎಡ್. ತರಗತಿಯಲ್ಲಿ ಕಲಿಸುವುದಿಲ್ಲ. ಕಲಿತ ಹಿರಿಯರು ಮಠದ ಹಳೆಯ ವಿದ್ಯಾರ್ಥಿಗಳಲ್ಲಿಯೇ ಇದ್ದಾರೆ: ನಿವೃತ್ತ ಮುಖ್ಯೋಪಾಧ್ಯಾಯರು, ಪಂಚಾಯಿತಿಯಲ್ಲಿ ದುಡಿದವರು, ತಹಸೀಲ್ದಾರರಾಗಿದ್ದವರು. ಬೇಸಗೆ ರಜೆಯಲ್ಲಿ ಹೊಸ ಮುಖ್ಯೋಪಾಧ್ಯಾಯರನ್ನು ಎರಡು ದಿನ ಮಠದಲ್ಲಿ ಉಳಿಸಿಕೊಂಡು, ಇವರೆದುರು ಕೂರಿಸಿ, ಗ್ರಾಮಸಭೆಯ ಒಂದು ಹಳೆಯ ನಡವಳಿ ಪುಸ್ತಕವನ್ನು ಓದಿಸಲಿ.