ಹೆಸರು ಕೊಡುವ ಮುನ್ನ

ಕಾಲೇಜು ಶುರುವಾಗಿ ಒಂದೆರಡು ವಾರ ಕಳೆಯುವಷ್ಟರಲ್ಲಿ ಸೂಚನಾ ಫಲಕದಲ್ಲಿ ಒಂದು ಪ್ರಕಟಣೆ ಕಾಣಿಸಿಕೊಳ್ಳುತ್ತದೆ. ರಾಷ್ಟ್ರೀಯ ಸೇವಾ ಯೋಜನೆಗೆ, ಅಂದರೆ ಎಲ್ಲರ ಬಾಯಲ್ಲೂ ಎನ್ನೆಸ್ಸೆಸ್ ಎನಿಸಿಕೊಂಡಿರುವ ಯೋಜನೆಗೆ, ಸೇರಬಯಸುವವರು ಹೆಸರು ಕೊಡಬೇಕೆಂಬ ಸೂಚನೆ ಅದು. ಗೆಳತಿ ಕೊಟ್ಟಳೆಂದು ತಾವೂ ಕೊಡುವವರುಂಟು. ಪ್ರಮಾಣಪತ್ರ ಸಿಗುತ್ತದಂತೆ ಎಂದು ಕೊಡುವವರುಂಟು. ನಾಲ್ಕು ಜನಕ್ಕೆ ಉಪಯೋಗವಾಗುವಂಥದ್ದೇನಾದರೂ ಮಾಡಬೇಕೆಂಬ ಹಂಬಲದಿಂದ ಕೊಡುವವರೂ ಇಲ್ಲದಿಲ್ಲ.

ಸಂಜೆ ಈ ಸುದ್ದಿ ಮನೆಗೆ ಬಂದಾಗ ಎರಡು ಪ್ರಶ್ನೆಗಳು ಏಳುತ್ತವೆ. ‘ಅದರಿಂದ ಏನು ಸಿಗುತ್ತೆ?’ ಎಂಬುದು ಒಂದು. ‘ಓದು ಹಾಳಾಗೋದಿಲ್ವಾ?’ ಎಂಬುದು ಇನ್ನೊಂದು. ಹೆತ್ತವರು ಕೇಳಲೇಬೇಕಾದ ಪ್ರಶ್ನೆಗಳೇ ಇವು. ಆದರೆ ಇವೆರಡಕ್ಕೂ ಮೊದಲು ಕೇಳಬೇಕಾದ ಮೂರನೆಯದೊಂದಿದೆ: ‘ಸೇರಿದ ಮೇಲೆ ನಾನು ಏನು ಕೊಡಬೇಕು?’ ಇದನ್ನು ಕೇಳಿಕೊಳ್ಳದೆ ಹೆಸರು ಬರೆಸಿದವರು ಮೂರು ತಿಂಗಳಲ್ಲಿ ಮಾಯವಾಗುತ್ತಾರೆ.

ಬಲವಂತವಿಲ್ಲದ ಸೇವೆ

ಸ್ವಾತಂತ್ರ್ಯ ಬಂದ ಹೊಸತರಲ್ಲೇ ನಮ್ಮ ಹಿರಿಯರು ಈ ವಿಷಯ ಚರ್ಚಿಸಿದ್ದರು. 1948–49ರಲ್ಲಿ ಡಾ. ಎಸ್. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ, ವಿದ್ಯಾರ್ಥಿಗಳ ರಾಷ್ಟ್ರಸೇವೆ ಸ್ವಇಚ್ಛೆಯಿಂದ ನಡೆಯಬೇಕೆಂದು ಅಭಿಪ್ರಾಯಪಟ್ಟಿತು. ಅದಾಗಿ ಹತ್ತು ವರ್ಷಕ್ಕೆ, 1959ರಲ್ಲಿ, ಸಿ.ಡಿ. ದೇಶಮುಖ್ ಸಮಿತಿ ಇದಕ್ಕೆ ವಿರುದ್ಧವಾದ ಸಲಹೆ ಕೊಟ್ಟಿತು. ಪ್ರೌಢಶಾಲೆ ಮುಗಿಸಿ ವಿಶ್ವವಿದ್ಯಾಲಯಕ್ಕೆ ಹೋಗುವ ಪ್ರತಿಯೊಬ್ಬರೂ ಒಂಬತ್ತು ತಿಂಗಳಿಂದ ಒಂದು ವರ್ಷದವರೆಗೆ ಕಡ್ಡಾಯವಾಗಿ ಸೇವೆ ಮಾಡಬೇಕೆಂಬುದು ಅದರ ಶಿಫಾರಸು. ಕೊನೆಗೆ ದೇಶ ಆಯ್ದುಕೊಂಡದ್ದು ಸ್ವಇಚ್ಛೆಯ ದಾರಿಯನ್ನು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು ಅಂದಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್ ಅವರು 37 ವಿಶ್ವವಿದ್ಯಾಲಯಗಳಲ್ಲಿ ಈ ಯೋಜನೆಗೆ ಚಾಲನೆ ಕೊಟ್ಟರು. ಅವರು ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿದ್ದವರು ಎಂಬುದು ಕನ್ನಡಿಗರು ನೆನಪಿಡಬೇಕಾದ ಸಂಗತಿ.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ಕಡ್ಡಾಯವಾಗಿದ್ದರೆ ಮನಸ್ಸಿಲ್ಲದೆ ಬಂದವರನ್ನು ದೂರುವಂತಿರಲಿಲ್ಲ. ಇಲ್ಲಿ ಹಾಗಲ್ಲ. ಯಾರೂ ಕೈಹಿಡಿದು ಎಳೆಯಲಿಲ್ಲ, ನೀವೇ ಹೆಸರು ಕೊಟ್ಟಿರಿ. ಹಾಗಾಗಿ ಅದು ಕೊಟ್ಟ ಮಾತು.

ಲೆಕ್ಕ ಹೀಗಿದೆ

ಎನ್ನೆಸ್ಸೆಸ್ ಸದಸ್ಯರು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ, ಒಟ್ಟು 240 ಗಂಟೆ ಕೆಲಸ ಮಾಡಬೇಕು. ಜೊತೆಗೆ ಏಳು ದಿನಗಳ ಒಂದು ವಿಶೇಷ ಶಿಬಿರದಲ್ಲಿ ಭಾಗವಹಿಸಬೇಕು. ಇಷ್ಟಾದರೆ ಪ್ರಮಾಣಪತ್ರಕ್ಕೆ ಅರ್ಹತೆ. ಮೊದಲ ವರ್ಷದ 120 ಗಂಟೆಗಳಲ್ಲಿ 20 ಗಂಟೆ ತಿಳಿವಳಿಕೆ ಮತ್ತು ತರಬೇತಿಗೆ ಮೀಸಲು. ಕಾಲೇಜಿನ ಆವರಣದ ಕೆಲಸ 30 ಗಂಟೆ ಮೀರಬಾರದು. ಉಳಿದ 70 ಗಂಟೆ ಜನರ ನಡುವೆ ಹೋಗಿ ಮಾಡುವ ಕೆಲಸಕ್ಕೆ ಸಲ್ಲಬೇಕು ಎನ್ನುತ್ತದೆ ಯೋಜನೆಯ ಕೈಪಿಡಿ. ವರ್ಷವಿಡೀ ಕಾಲೇಜಿನ ಕಸ ಗುಡಿಸಿ, ಸಮಾರಂಭಗಳಲ್ಲಿ ಕುರ್ಚಿ ಹಾಕಿ, ಅತಿಥಿಗಳಿಗೆ ನೀರು ಕೊಟ್ಟು ಲೆಕ್ಕ ತುಂಬಿಸುವುದು ಈ ಯೋಜನೆಯ ಉದ್ದೇಶವಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ.

120 ಗಂಟೆ ಎಂದರೆ ಎದೆ ಒಡೆದುಕೊಳ್ಳಬೇಕಾಗಿಲ್ಲ. ವರ್ಷದಲ್ಲಿ 40 ವಾರ ಕಾಲೇಜು ಎಂದಿಟ್ಟುಕೊಂಡರೂ ವಾರಕ್ಕೆ ಮೂರು ಗಂಟೆ ಬರುತ್ತದೆ. ದಿನಕ್ಕೆ ಎರಡು ಗಂಟೆ ಮೊಬೈಲ್ ನೋಡುವ ಹುಡುಗ ಅಷ್ಟೇ ಹೊತ್ತನ್ನು ಎರಡು ತಿಂಗಳಲ್ಲಿ ಕಳೆದಿರುತ್ತಾನೆ. ಆದ್ದರಿಂದ ಓದಿಗೆ ಹೊಡೆತ ಬೀಳುವ ಭಯ ಅಷ್ಟಾಗಿ ಬೇಡ. ಆದರೆ ವಾರವಾರ ಕೊಡಬೇಕಾದ ಮೂರು ಗಂಟೆಯನ್ನು ಪರೀಕ್ಷೆಯ ಹಿಂದಿನ ತಿಂಗಳಿಗೆ ಕೂಡಿಟ್ಟರೆ ಓದೂ ಕೆಟ್ಟಿತು, ಸೇವೆಯೂ ಕೆಟ್ಟಿತು.

ಇನ್ನು ಸಿಗುವುದೇನು? ಕೆಲವು ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಪ್ರವೇಶದಲ್ಲಿ ಎನ್ನೆಸ್ಸೆಸ್ ಪ್ರಮಾಣಪತ್ರಕ್ಕೆ ಬೆಲೆಯುಂಟು. ಆಯಾ ವರ್ಷದ ಪ್ರವೇಶ ಪ್ರಕಟಣೆ ನೋಡಿಯೇ ಇದನ್ನು ಖಚಿತಪಡಿಸಿಕೊಳ್ಳಬೇಕು. ಚೆನ್ನಾಗಿ ಕೆಲಸ ಮಾಡಿದವರಿಗೆ ದೆಹಲಿಯ ಗಣರಾಜ್ಯೋತ್ಸವದ ಪಥಸಂಚಲನಕ್ಕೆ ಆಯ್ಕೆಯಾಗುವ ಅವಕಾಶವೂ ಇದೆ. ಇವೆಲ್ಲ ಸಂತೋಷವೇ. ಆದರೆ ಇವಿಷ್ಟಕ್ಕಾಗಿಯೇ ಸೇರುವವರು ಕಣ್ಣಿಗೆ ಬೀಳುವ ಕೆಲಸವನ್ನಷ್ಟೇ ಹುಡುಕುತ್ತಾರೆ.

ಡೈರಿಯಲ್ಲಿನ ಗಂಟೆಗಳು

ಪ್ರತಿಯೊಬ್ಬ ಸ್ವಯಂಸೇವಕನೂ ತಾನು ಮಾಡಿದ ಕೆಲಸವನ್ನು ದಿನಚರಿಯಲ್ಲಿ ಬರೆದಿಡಬೇಕು. ಮರೆವು ಬಂದೀತೆಂದು ಮಾಡಿದ ಏರ್ಪಾಟು ಇದು. ಎಷ್ಟೋ ಕಡೆ ಇದೇ ಮೊದಲ ಸುಳ್ಳಿನ ಪಾಠವಾಗುತ್ತದೆ. ವರ್ಷದ ಕೊನೆಯ ವಾರ ನಾಲ್ಕು ಜನ ಒಂದೆಡೆ ಕುಳಿತು, ಒಬ್ಬರ ಡೈರಿ ನೋಡಿ ಇನ್ನೊಬ್ಬರು ಗಂಟೆಗಳನ್ನು ಇಳಿಸಿಕೊಳ್ಳುತ್ತಾರೆ. ಸೇವೆಯ ಹೆಸರಿನಲ್ಲಿ ಸುಳ್ಳು ಲೆಕ್ಕ ಬರೆಯಲು ಹದಿನೆಂಟರ ಹರೆಯದಲ್ಲೇ ಕಲಿತವನು ಮುಂದೆ ಕಚೇರಿಯ ಕುರ್ಚಿಯಲ್ಲಿ ಕುಳಿತು ಏನು ಮಾಡಿಯಾನು? ಇಂಥ ಪ್ರಮಾಣಪತ್ರ ಸಿಗುವುದಕ್ಕಿಂತ ಸಿಗದಿರುವುದೇ ಮೇಲು. ಬರೀ 60 ಗಂಟೆ ದುಡಿದಿದ್ದರೆ 60 ಎಂದೇ ಬರೆಯಿರಿ. ಹೆತ್ತವರೂ ಅಂಕಪಟ್ಟಿಯನ್ನು ನೋಡುವಂತೆ ಈ ಡೈರಿಯನ್ನೂ ಒಮ್ಮೆ ಕೇಳಿ ನೋಡಬೇಕು.

ಸುಳ್ಳು ಬರೆಯದೆಯೂ ಗಂಟೆಗಳನ್ನು ವ್ಯರ್ಥಮಾಡುವುದುಂಟು. ಜೂನ್ ತಿಂಗಳಲ್ಲಿ ಇನ್ನೂರು ಸಸಿ ನೆಟ್ಟು, ಫೋಟೊ ತೆಗೆಸಿಕೊಂಡು ಬರುತ್ತೇವೆ. ಬೇಲಿ ಇಲ್ಲ, ಬೇಸಿಗೆಯಲ್ಲಿ ನೀರೆರೆಯುವವರಿಲ್ಲ. ಅರ್ಧ ಮೇಕೆಯ ಪಾಲು, ಅರ್ಧ ಬಿಸಿಲಿನ ಪಾಲು. ಇಪ್ಪತ್ತೇ ಸಸಿ ನೆಟ್ಟು, ಮುಂದಿನ ಮಳೆಗಾಲದವರೆಗೆ ಸರದಿಯ ಮೇಲೆ ನೀರು ಹಾಕಿದ್ದರೆ ಆ ಊರಿಗೆ ಹತ್ತಾದರೂ ಮರ ಉಳಿಯುತ್ತಿತ್ತು. ಊರಿನವರಿಗೆ ಏನು ಬೇಕೆಂದು ಕೇಳದೆ ಹೊರಟರೂ ಇದೇ ಗತಿ. ಅದಕ್ಕೇ ಕಾಲೇಜುಗಳು ಹತ್ತಿರದ ಒಂದು ಹಳ್ಳಿಯನ್ನೋ ಕೊಳೆಗೇರಿಯನ್ನೋ ದತ್ತು ತೆಗೆದುಕೊಂಡು, ಮೊದಲು ಮನೆಮನೆಗೆ ಹೋಗಿ ವಿಚಾರಿಸಿ, ಆಮೇಲೆ ಕೆಲಸ ಗೊತ್ತುಮಾಡಬೇಕು ಎನ್ನುವುದು.

ಸಣ್ಣ ಕೆಲಸವನ್ನು ಬಿಡದೆ ಮಾಡಿದರೆ ಏನಾಗುತ್ತದೆಂಬುದಕ್ಕೆ ಪೋಲಿಯೊ ಲಸಿಕೆಯೇ ಸಾಕ್ಷಿ. 1995ರಲ್ಲಿ ಪಲ್ಸ್ ಪೋಲಿಯೊ ಆರಂಭವಾದಾಗ ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವುದು, ಹನಿ ಹಾಕಿಸಿಕೊಂಡ ಮಗುವಿನ ಎಡಗೈ ಕಿರುಬೆರಳಿಗೆ ಶಾಯಿ ಹಚ್ಚುವುದು ಇಂಥ ಕೆಲಸಗಳಿಗೆ ಆರೋಗ್ಯ ಇಲಾಖೆಯವರ ಜೊತೆ ವಿದ್ಯಾರ್ಥಿ ಸ್ವಯಂಸೇವಕರೂ ನಿಂತರು, ರೋಟರಿಯಂಥ ಸಂಸ್ಥೆಗಳ ಸದಸ್ಯರೂ ನಿಂತರು. ವರ್ಷಗಟ್ಟಲೆ, ಭಾನುವಾರದ ರಜೆ ಬಿಟ್ಟು. 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾದಲ್ಲಿ ಕಾಣಿಸಿಕೊಂಡದ್ದೇ ದೇಶದ ಕಡೆಯ ಕಾಡು ಪೋಲಿಯೊ ಪ್ರಕರಣ. 2014ರ ಮಾರ್ಚ್ 27ರಂದು ಪೋಲಿಯೊಮುಕ್ತ ಎಂಬ ಮಾನ್ಯತೆ ಸಿಕ್ಕಿತು. ಶಾಯಿ ಹಚ್ಚಿದ ಹುಡುಗಿಯ ಹೆಸರು ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಆದರೂ ಆಕೆ ಬಂದದ್ದರಿಂದಲೇ ಆ ಬೀದಿಯ ಮಗು ತಪ್ಪಿಹೋಗಲಿಲ್ಲ.

ಏಳು ದಿನದ ಶಿಬಿರ

ಹೆತ್ತವರು ಹೆಚ್ಚು ಹೆದರುವುದು ಶಿಬಿರಕ್ಕೆ, ಅದರಲ್ಲೂ ಹೆಣ್ಣುಮಕ್ಕಳನ್ನು ಕಳಿಸುವಾಗ. ‘ಬೇಡ’ ಎಂದುಬಿಡುವುದು ಸುಲಭ. ಅದರ ಬದಲು ಕಾರ್ಯಕ್ರಮಾಧಿಕಾರಿಯಾದ ಉಪನ್ಯಾಸಕರನ್ನು ನೇರವಾಗಿ ಭೇಟಿಯಾಗಿ. ಜೊತೆಗೆ ಮಹಿಳಾ ಉಪನ್ಯಾಸಕಿ ಇರುತ್ತಾರೆಯೇ, ಮಲಗುವ ಕೋಣೆ ಯಾವುದು, ಶೌಚಾಲಯವಿದೆಯೇ, ಹತ್ತಿರದ ಆಸ್ಪತ್ರೆ ಎಷ್ಟು ದೂರ ಎಂದು ಕೇಳಿ. ಸರಿಯಾಗಿ ನಡೆಸುವವರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಬೇಸರಪಟ್ಟರೆ ಯೋಚಿಸಬೇಕಾದ್ದೇ.

ಮಕ್ಕಳು ಹಳ್ಳಿಯ ಶಾಲೆಯ ನೆಲದ ಮೇಲೆ ಮಲಗುತ್ತಾರೆ. ಬೆಳಿಗ್ಗೆ ಧ್ವಜವಂದನೆ, ಶ್ರಮದಾನ. ಮಧ್ಯಾಹ್ನ ಉಪನ್ಯಾಸ, ಸಮೀಕ್ಷೆ. ಸಂಜೆ ಊರಿನವರೆದುರು ಹಾಡು, ನಾಟಕ. ಸಾಲಾಗಿ ಕುಳಿತು ಒಂದೇ ಸಾರಿನಲ್ಲಿ ಊಟ. ಪಕ್ಕದಲ್ಲಿ ಕುಳಿತವನ ಜಾತಿ ಯಾವುದೆಂದು ಕೇಳುವ ಹಾಗಿಲ್ಲ. ‘ನಮ್ಮ ಮಗ ಚರಂಡಿ ಎತ್ತಬೇಕೇ?’ ಎನ್ನುವ ತಾಯ್ತಂದೆಯರು ಒಂದು ಕ್ಷಣ ಯೋಚಿಸಲಿ. ಅದನ್ನು ದಿನವೂ ಎತ್ತುವ ಮನುಷ್ಯನೂ ಯಾರದೋ ಮಗನೇ. ಸಲಿಕೆ ಹಿಡಿದು ಒಂದು ದಿನ ಕಳೆದ ಹುಡುಗ ಆಮೇಲೆ ಕಿಟಕಿಯಿಂದ ಕಸ ಎಸೆಯಲು ಹಿಂದೆಮುಂದೆ ನೋಡುತ್ತಾನೆ. ಆದರೆ ಶ್ರಮದಾನ ಯಾವ ಬೀದಿಯಲ್ಲಿ ಎಂಬುದನ್ನು ಮಕ್ಕಳೇ ಕೇಳಲಿ. ಪಂಚಾಯಿತಿ ಕಟ್ಟಡದ ಮುಂದಿನ ಬೀದಿಯನ್ನೇ ಮತ್ತೆಮತ್ತೆ ಗುಡಿಸಿ, ಊರಾಚೆಯ ಕೇರಿಗೆ ಕಾಲಿಡದೆ ಬಂದರೆ ಶಿಬಿರದ ಅರ್ಧ ಪಾಠ ಕಲಿಯದೆ ಬಂದಂತೆ.

ಬೇರೆ ಬಾಗಿಲುಗಳು

ಎನ್ನೆಸ್ಸೆಸ್ ಒಂದೇ ದಾರಿಯಲ್ಲ. ರೋಟರಿ ಕ್ಲಬ್ ನಡೆಸುವ ಇಂಟರ್‍ಯಾಕ್ಟ್ 12ರಿಂದ 18 ವರ್ಷದವರಿಗೆ, ರೋಟರ್‍ಯಾಕ್ಟ್ 18 ದಾಟಿದವರಿಗೆ. ಲಯನ್ಸ್ ಕ್ಲಬ್ಬಿನ ಲಿಯೊ ಬಳಗ 12ರಿಂದ 30ರವರೆಗಿನವರಿಗೆ. ಸ್ಕೌಟ್ಸ್ ಮತ್ತು ಗೈಡ್ಸ್, ಯೂತ್ ರೆಡ್‌ಕ್ರಾಸ್ ಕೂಡ ಇವೆ. ಯಾವುದಕ್ಕೆ ಸೇರುವ ಮುನ್ನವೂ ಮೂರು ಮಾತು ವಿಚಾರಿಸಿ. ಹೋದ ವರ್ಷ ಇವರು ಮಾಡಿದ ಕೆಲಸ ಇಂದು ಹೋಗಿ ನೋಡಿದರೆ ಕಾಣುತ್ತದೆಯೇ? ಸದಸ್ಯರಿಂದ, ಸಾರ್ವಜನಿಕರಿಂದ ಪಡೆದ ಹಣಕ್ಕೆ ರಸೀದಿ, ಲೆಕ್ಕ ಉಂಟೇ? ಸಭೆ, ಹಾರ, ಭಾಷಣಕ್ಕೆ ಹೋಗುವ ಹೊತ್ತೆಷ್ಟು, ಕೆಲಸಕ್ಕೆ ಹೋಗುವ ಹೊತ್ತೆಷ್ಟು?

ನಿಮ್ಮ ಕೈಲಾಗುವುದು ಯಾವುದೆಂದೂ ತಿಳಿದುಕೊಳ್ಳಿ. ರಕ್ತದಾನಕ್ಕೆ 18 ವರ್ಷ ತುಂಬಿರಬೇಕು, ತೂಕ ಕನಿಷ್ಠ 45 ಕಿಲೊ ಇರಬೇಕು. ಪಿಯುಸಿ ಹುಡುಗ ಉತ್ಸಾಹಕ್ಕೆ ಬಿದ್ದು ವಯಸ್ಸು ಮುಚ್ಚಿಡುವುದು ಸೇವೆಯಲ್ಲ. ಆತ ದಾನಿಗಳ ಪಟ್ಟಿ ಬರೆಯಲಿ, ನಾಲ್ಕು ಹಿರಿಯರನ್ನು ಒಪ್ಪಿಸಿ ಕರೆತರಲಿ.

ಎನ್ನೆಸ್ಸೆಸ್ ಲಾಂಛನದಲ್ಲಿ ಕೋನಾರ್ಕದ ಸೂರ್ಯ ದೇವಾಲಯದ ರಥಚಕ್ರವಿದೆ. ಅದರ ಎಂಟು ಅರಗಳು ದಿನದ 24 ಗಂಟೆಗಳ ಸಂಕೇತ. ನಮ್ಮ ಹಿರಿಯರ ಲೆಕ್ಕದಲ್ಲೂ ದಿನಕ್ಕೆ ಎಂಟೇ ಜಾವ. ಎಂಟು ಜಾವವನ್ನೂ ಯಾರೂ ನಿಮ್ಮಿಂದ ಕೇಳುತ್ತಿಲ್ಲ, ವಾರಕ್ಕೊಂದು ಜಾವ ಸಾಕು. ಆದರೆ ಆ ಒಂದು ಜಾವ ತಪ್ಪಬಾರದು. ಶನಿವಾರ ಸಂಜೆ ಲೆಕ್ಕ ಹೇಳಿಕೊಡುತ್ತೇನೆಂದು ಹೇಳಿ ಬಂದಿದ್ದರೆ, ಆ ಸಂಜೆ ಒಂದು ಮಗು ಸ್ಲೇಟು ಹಿಡಿದು ಜಗಲಿಯ ಮೇಲೆ ಕಾಯುತ್ತಿರುತ್ತದೆ. ನೀವು ಹೋಗದಿದ್ದರೆ ಡೈರಿಯಲ್ಲಿ ಕಡಿಮೆಯಾಗುವುದು ಒಂದು ಗಂಟೆ. ಆ ಮಗುವಿಗೆ ಕಡಿಮೆಯಾಗುವುದು ನಂಬಿಕೆ. ಬರಲಾಗದು ಎನಿಸಿದರೆ ಈಗಲೇ ಹೆಸರು ಕೊಡಬೇಡಿ, ಅದರಲ್ಲಿ ಅವಮಾನವೇನೂ ಇಲ್ಲ. ಕೊಟ್ಟ ಮೇಲೆ ಮಾತ್ರ ಹೋಗಿ.